ಕರೆಯಲು ಒಂದು ಬಟನ್

ಪ್ರೀತಿಯ ತಮ್ಮಾ,

ಪಾರ್ಶ್ವವಾಯು ಬಡಿದು ಮಾತು ನಿಂತ, ಅಕ್ಷರವೂ ಮರೆತುಹೋದ ನಿನ್ನ ಭಾವನಿಗೆಂದು ನೀನು ಅವರ ಫೋನಿನ ಚಾಟ್‌ನಲ್ಲಿ ಹಾಕಿಕೊಟ್ಟ ಚಿತ್ರದ ಬಟನ್‌ಗಳು ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಮಲಗಿದಲ್ಲೇ ಒತ್ತಿ ದೀಪ, ಫ್ಯಾನು ಹಾಕಿಕೊಳ್ಳುತ್ತಿದ್ದರು. ಒತ್ತಿದಾಗಲೆಲ್ಲ ನನ್ನ ಫೋನಿಗೂ ಮೆಸೇಜ್ ಬರುತ್ತಿತ್ತು.

ಸೋಮವಾರ ನಾನು ಹೊಲಿಗೆ ಅಂಗಡಿಯಲ್ಲಿದ್ದಾಗ ‘ದೀಪ ಹತ್ತಿತು’, ‘ದೀಪ ಆರಿತು’ ಎಂದು ಒಂದರ ಹಿಂದೊಂದು ಬಂದವು. “ಸಾಕು ಮಾಡ್ರೀ ಈ ಮಕ್ಕಳಾಟ, ನಂಗೆ ತಲೆ ಎತ್ತೋಕೆ ಪುರುಸೊತ್ತಿಲ್ಲ” ಎಂದು ವಾಯ್ಸ್ ಮೆಸೇಜ್ ಕಳಿಸಿದೆ. ಆಮೇಲೆ ಏನೂ ಬರಲಿಲ್ಲ. ಸಂಜೆ ಮನೆಗೆ ಬಂದು ನೋಡಿದರೆ ಮಂಚದಿಂದ ಬಿದ್ದು ನೆಲದ ಮೇಲಿದ್ದರು. ಸೊಂಟದ ಮೂಳೆ ಮುರಿದಿದೆ.

ನನ್ನನ್ನು ಕರೆಯಲೆಂದೇ ಒಂದು ಬಟನ್ ಹಾಕಿಕೊಡು. ಬಂದಾಗ ಫೋನನ್ನು ನೀನೇ ಅವರ ಕೈಗೆ ಕೊಡು. ನಾನು ಕೊಟ್ಟರೆ ತೆಗೆದುಕೊಳ್ಳುತ್ತಿಲ್ಲ.

ನಿನ್ನ ದಾರಿ ಕಾಯುವ
ಅಕ್ಕ