ಕತ್ತರಿಸಿದ ಅಂಚುಗಳ ಡಬ್ಬಿ

ಅದೇ, ಆ ಎರಡು ಕುರ್ಚಿಗಳ ವಿಷಯ, ಮಾನ್ಯ ತಪಾಸಣಾಧಿಕಾರಿಗಳೇ. ನಿನ್ನೆ ನಿಮ್ಮ ಕಚೇರಿಯ ಕಿಟಕಿಯ ಹೊರಗೆ ನಿಂತು ಹೇಳುತ್ತಿದ್ದಾಗ ಗುಮಾಸ್ತರು "ಊಟದ ಹೊತ್ತು" ಎಂದು ಕಿಟಕಿ ಮುಚ್ಚಿಕೊಂಡರಲ್ಲ, ಅಲ್ಲಿಂದಲೇ ಈ ಪತ್ರಿಕೆಯ ಓದುಗರ ಅಂಕಣದಲ್ಲಿ ಮುಂದುವರಿಸುತ್ತೇನೆ. ಪತ್ರಿಕೆಗೆ ಊಟದ ಹೊತ್ತಿಲ್ಲ.

ನಾನು ಕೆಲಸ ಮಾಡುವ ಕಟ್ಟಡ ನಕ್ಷೆಯ ಕಚೇರಿಯಲ್ಲಿ ಲೈಸೆನ್ಸ್ ಇಲ್ಲದ ಸಾಫ್ಟ್‌ವೇರ್ ಬಳಸುತ್ತಾರೆಂದು ನಿಮಗೆ ಗೋಪ್ಯ ದೂರು ಕೊಟ್ಟೆ. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ 'ಕಾನ್ಫಿಡೆನ್ಶಿಯಲ್' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಹನ್ನೊಂದನೇ ದಿನ ನಿಮ್ಮವರು ಇಬ್ಬರು ಬಂದರು. ಅವರು ಮೆಟ್ಟಿಲು ಹತ್ತುವ ಮೊದಲೇ ಮಾಲೀಕರ ಮೇಜಿನ ಮುಂದೆ ಸರಿಯಾಗಿ ಎರಡು ಕುರ್ಚಿ, ಅದೂ ಒರೆಸಿದ್ದು! ಆರು ವರ್ಷದಲ್ಲಿ ಆ ಕುರ್ಚಿಗಳಿಗೆ ಬಟ್ಟೆ ತಾಗಿದ್ದನ್ನು ನಾನು ಕಂಡಿಲ್ಲ. ಮನೆ ಕಟ್ಟಿಸುವವರು ತಮ್ಮ ಕರವಸ್ತ್ರದಲ್ಲೇ ಒರೆಸಿಕೊಂಡು ಕೂರುತ್ತಾರೆ. ಕಂಪ್ಯೂಟರುಗಳೂ ಅಷ್ಟೇ ಚೊಕ್ಕ. ಹಿಂದಿನ ಸಂಜೆ ಎಂಟನ್ನೂ 'ಸರ್ವೀಸಿಗೆ' ಒಯ್ದು ಬೇರೆ ಎಂಟು ತಂದಿಟ್ಟಿದ್ದರು. ನಿಮ್ಮವರು ಚಹಾ ಕುಡಿದು, 'ಆಕ್ಷೇಪಾರ್ಹವಾದುದೇನೂ ಕಂಡುಬಂದಿಲ್ಲ' ಎಂದು ಬರೆದು ಹೊರಟರು. ಅವರ ಹೆಜ್ಜೆ ಸದ್ದು ಇನ್ನೂ ಮೆಟ್ಟಿಲ ಮೇಲಿತ್ತು, ಮಾಲೀಕರು ನನ್ನ ಮೇಜಿನ ಹತ್ತಿರ ಬಗ್ಗಿ, "ಏನ್ ತಾತ, 'ಐ ಬೆಗ್ ಟು ಸ್ಟೇಟ್' ಅಂತ ಈಗ್ಲೂ ಯಾರಾದ್ರೂ ಬರೀತಾರಾ?" ಎಂದು ನಕ್ಕರು.

ನನ್ನ ದೂರಿನ ಮೊದಲ ಸಾಲು ಅದು. ಬರೆದವನು ನಾನು, ಓದಿದವರು ನೀವು. ನಾನಂತೂ ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. ಹಾಗಾದರೆ ಕಾಗದ ತಾನೇ ಎದ್ದು ನಡೆದು ಹೋಯಿತೇ? ಕುರ್ಚಿಗಳಿಗೆ ಕನಸು ಬಿತ್ತೇ? ಇದು ಬಿಯಾಂಡ್ ರೀಸನಬಲ್... ಮುಂದಿನ ಪದ ಮರೆತಿದೆ, ಹರೆಯದಲ್ಲಿ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು. ಅನುಮಾನಕ್ಕೆ ಏನೋ ಅನ್ನುತ್ತಾರೆ. ಪದ ಹೋದರೂ ಸರಕು ನನ್ನಲ್ಲಿ ಬೇಕಾದಷ್ಟಿದೆ.

ಆ ಸಾಫ್ಟ್‌ವೇರ್ ಬಂದ ದಾರಿಯಲ್ಲಿ ನನ್ನ ಪೆದ್ದುತನವೂ ಇದೆ, ಮುಚ್ಚಿಡುವುದಿಲ್ಲ. ಮೂರು ವರ್ಷದ ಹಿಂದೆ ಮಾಲೀಕರು, "ನಿಮ್ಮ ಕೈ ಚೆನ್ನಾಗಿದೆ ತಾತ, ಕಂಪ್ಯೂಟರ್ ನಕ್ಷೆ ಕಲಿತುಬಿಡಿ, ಫೀಸ್ ನಂದು" ಎಂದು ನನ್ನನ್ನು ಸಂಜೆ ಕಾಲೇಜಿಗೆ ಸೇರಿಸಿದರು. ಆಗ ನನ್ನವಳು ಬದುಕಿದ್ದಳು. ಅರವತ್ತೊಂದರ ಗಂಡನ ನೋಟ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿಕೊಟ್ಟು, "ರೀ, ಬೆಲ್ ಹೊಡೆದ್ರೆ ಓಡಿ ಬರ್ಬೇಡಿ, ಮಂಡಿ ನೋವಿದೆ" ಅಂದಳು. ಗುರುತಿನ ಚೀಟಿ ಬಂದ ದಿನ ಅದನ್ನು ಬೀದಿ ತುದಿಯ ಔಷಧಿ ಅಂಗಡಿಯವರೆಗೂ ಒಯ್ದು ತೋರಿಸಿ ಬಂದಳು. ಎರಡೇ ವಾರ. "ಕೆಲ್ಸ ಜಾಸ್ತಿಯಿದೆ, ಕಾಲೇಜು ಆಮೇಲೆ ನೋಡೋಣ" ಎಂದರು ಮಾಲೀಕರು. ನಾನು ಕಾಲೇಜು ಬಿಟ್ಟೆ, ಚೀಟಿಯನ್ನು ಅವರು ಕೇಳಿ ಪಡೆದು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡರು. ವಿದ್ಯಾರ್ಥಿಗಳಿಗೆಂದು ಪುಕ್ಕಟೆ ಕೊಡುವ ಸಾಫ್ಟ್‌ವೇರ್ ನನ್ನ ಹೆಸರಿಗೆ ಬಂದು ಎಂಟು ಕಂಪ್ಯೂಟರಿಗೂ ಹೋಯಿತು.

ಆ ಕಚೇರಿಯಲ್ಲಿ ನಿಯತ್ತು ಅಂತ ಇದ್ದದ್ದು ಆ ಸಾಫ್ಟ್‌ವೇರೊಂದಕ್ಕೇ. ಪ್ರತಿ ನಕ್ಷೆಯ ಅಂಚಿನಲ್ಲೂ 'ವಿದ್ಯಾರ್ಥಿಯ ಅಭ್ಯಾಸಕ್ಕೆ ಮಾತ್ರ' ಎಂದು ತಾನಾಗಿ ಅಚ್ಚು ಹಾಕುತ್ತಿತ್ತು. ಆ ಅಂಚನ್ನು ಬ್ಲೇಡಿನಿಂದ ಕತ್ತರಿಸುವುದು ನನ್ನ ಕೆಲಸ. ಸಹೋದ್ಯೋಗಿಗಳಿಗೆ ನಾನು 'ಬ್ಲೇಡ್ ತಾತ'. ಓದಲಿಲ್ಲ ಎಂದರೆ ಸುಳ್ಳಾದೀತು. ಓದಿದೆ, ಕತ್ತರಿಸಿದೆ. ಮನೆಯಲ್ಲಿ ಅವಳಿಗೆ ಚಿಕಿತ್ಸೆ ನಡೆಯುತ್ತಿತ್ತು, ಕೆಲಸ ಬಿಡುವ ಧೈರ್ಯ ಇರಲಿಲ್ಲ. ಅವಳು ಹೋದ ಮೇಲೆ ಹೆದರಲು ಕಾರಣಗಳೂ ಕಡಿಮೆಯಾದವು. ಕತ್ತರಿಸಿದ ಅಂಚಿನ ಪಟ್ಟಿಗಳನ್ನು ಕಸದ ಬುಟ್ಟಿಗೆ ಹಾಕುವುದು ಬಿಟ್ಟು, ನಕ್ಷೆಯ ಸಂಖ್ಯೆ ಪೆನ್ಸಿಲಿನಲ್ಲಿ ಬರೆದು, ಅವಳ ಹೊಲಿಗೆಯ ಡಬ್ಬಿಯಲ್ಲಿ ಸುತ್ತಿಡತೊಡಗಿದೆ. ಕತ್ತರಿಸುವಾಗ ನನ್ನ ಕೈ ಕೊನೆಯಲ್ಲಿ ಸ್ವಲ್ಪ ಎಡಕ್ಕೆ ವಾಲುತ್ತದೆ. ನಗರಸಭೆಗೆ ಸಲ್ಲಿಸಿದ ನಕ್ಷೆಯನ್ನು ತೆಗೆದು ಪಕ್ಕದಲ್ಲಿ ಆಯಾ ಪಟ್ಟಿ ಇಟ್ಟು ನೋಡಿ, ವಾಲಿದ ಕಡೆಯೂ ಸೇರಿ ಅಂಚಿಗೆ ಅಂಚು ಕೂಡುತ್ತದೆ. ಎಂಟು ಕಂಪ್ಯೂಟರ್ ಬದಲಾಯಿಸಿದಂತೆ ಇದನ್ನು ಬದಲಾಯಿಸಲಾಗದು.

ಈಗ ಮಾಲೀಕರು ಒಂದು ಕಾಗದ ಕೊಟ್ಟಿದ್ದಾರೆ. 'ನನ್ನ ವಿದ್ಯಾರ್ಥಿ ಚೀಟಿ ಬಳಸಿ, ಮಾಲೀಕರ ಗಮನಕ್ಕೆ ತಾರದೆ, ನಾನೇ ಈ ಸಾಫ್ಟ್‌ವೇರ್ ಹಾಕಿರುತ್ತೇನೆ.' "ಸುಮ್ನೆ ಫಾರ್ಮಾಲಿಟಿ ತಾತ. ಸೋಮವಾರದೊಳಗೆ ಸೈನ್ ಹಾಕಿ, ಕೆಲ್ಸ ಇರುತ್ತೆ. ಹಾಕದಿದ್ರೂ ದಾಖಲೆಲಿ ಹೆಸರು ನಿಮ್ದೇ ತಾನೆ?" ಆ ಕಾಗದದಲ್ಲಿನ ಇಷ್ಟು ಚೊಕ್ಕವಾದ ಕಾನೂನಿನ ಭಾಷೆ ಅವರದಲ್ಲ. ಯಾರದು ಎಂದು ನಾನು ಕೇಳುವುದಿಲ್ಲ, ನೀವು ಕೇಳಿಕೊಳ್ಳಿ.

ನಾನು ಸಹಿ ಹಾಕುವುದಿಲ್ಲ. ಕತ್ತರಿಸಿದ ತಪ್ಪಿಗೆ ನನಗೆ ಏನು ಶಿಕ್ಷೆಯೋ ಕೊಡಿ, ತಲೆಬಾಗುತ್ತೇನೆ; ಕತ್ತರಿಸಿದ ಕೈಗೇ ಕತ್ತರಿಸಲು ಹೇಳಿದ ಬಾಯಿಯ ತಪ್ಪನ್ನೂ ಅಂಟಿಸಬೇಡಿ. ಡಬ್ಬಿಯನ್ನು ನಿಮ್ಮ ಕಚೇರಿಗೆ ತರಲಾರೆ, ಅಲ್ಲಿ ಕಾಗದಗಳಿಗೆ ಕಾಲು ಬರುತ್ತದೆ. ಆ ಇಬ್ಬರನ್ನು ಕಳಿಸಬೇಡಿ. ಸೋಮವಾರದ ಮೊದಲು ಖುದ್ದು ನೀವೇ ಬನ್ನಿ, ನನ್ನೆದುರು ಎಣಿಸಿ ರಸೀದಿ ಬರೆದುಕೊಡಿ. ನನ್ನ ಮೊದಲ ಸಾಲು ಮಾಲೀಕರ ಬಾಯಿಗೆ ಹೋದದ್ದು ಹೇಗೆಂದು ಇದೇ ಪತ್ರಿಕೆಯಲ್ಲಿ ಉತ್ತರಿಸಿ. ನೀವು ಬರುವ ಸುದ್ದಿ ನನಗೂ ಮೊದಲೇ ಬೇಡ. ನನ್ನ ಮನೆಯಲ್ಲಿ ಕುರ್ಚಿ ಒರೆಸಿರುವುದಿಲ್ಲ.

ಮಾದರಿಗೆಂದು ಒಂದು ಪಟ್ಟಿಯನ್ನು ಈ ಪತ್ರಕ್ಕೆ ಅಂಟಿಸೋಣವೆಂದು ಕಿಟಕಿಗೆ ಹಿಡಿದೆ, ಅಕ್ಷರ ಕಾಣುತ್ತಿಲ್ಲ. ಬರೆಯುತ್ತಾ ಬೆಳಕು ಇಳಿದದ್ದೇ ತಿಳಿಯಲಿಲ್ಲ. ಅವಳಿದ್ದಿದ್ದರೆ, "ಸಾಕು ಓದಿದ್ದು, ಏಳಿ" ಅನ್ನುತ್ತಿದ್ದಳು.

ಇಂತಿ,
ಆ ಸಾಫ್ಟ್‌ವೇರಿನ ದಾಖಲೆಯ ಪ್ರಕಾರ ಇನ್ನೂ ಮೊದಲ ವರ್ಷದಲ್ಲೇ ಇರುವ
ಅರವತ್ತನಾಲ್ಕರ ವಿದ್ಯಾರ್ಥಿ