ಸಾವಿನ ನಿಲುವಂಗಿ

ನಿರ್ದೇಶಕರಿಗೆ ದರ್ಜಿಯ ನಮಸ್ಕಾರ.

ಮೊಟಕು ಮಾಡಲೆಂದು ನೀವು ವಾಪಸು ಕಳಿಸಿದ ಸಾವಿನ ನಿಲುವಂಗಿಯನ್ನು ಹಾಗೆಯೇ ಮರಳಿಸುತ್ತಿದ್ದೇನೆ.

"ಸಾವು ಅಂದ್ರೆ ದೇವರ ದೂತ ಅಕ್ಕಾ, ಗಂಭೀರವಾಗಿ ಬರ್ಬೇಕು," ಅಂದಿದ್ದಿರಿ. ಅದಕ್ಕೇ ಬಿಳಿ ಬಟ್ಟೆಗೆ ಚಿನ್ನದ ಬಣ್ಣದ ಅಂಚು ಕೊಟ್ಟೆ. ಆದರೆ ನಿಮ್ಮ ನಟ ಹೊಸಿಲಲ್ಲಿ ಅಂಗಿ ತುಳಿದು ಮುಗ್ಗರಿಸಿ, "ಅಕ್ಕಾ, ಸಾವನ್ನೇ ಸಾಯಿಸ್ತೀರಲ್ಲಾ!" ಎಂದು ನಕ್ಕನಂತೆ. ಅಳತೆ ತಪ್ಪಿಲ್ಲ. ಗೇಣುದ್ದ ಬಟ್ಟೆಯನ್ನು ಬೇಕೆಂದೇ ಹೆಚ್ಚು ಬಿಟ್ಟಿದ್ದೇನೆ.

ಹೋದ ತಿಂಗಳು ಸಾವು ನನ್ನ ಮಗಳ ಕೋಣೆಗೆ ಬಂದಾಗ ದೇವರ ಪಟದ ಮುಂದಿನ ದೀಪ ಕೂಡ ಅಲುಗಲಿಲ್ಲ. ಅಷ್ಟು ಸಲೀಸಾಗಿ ಬಂದು ಹೋಯಿತು. ನಿಮ್ಮ ಸಿನಿಮಾದಲ್ಲಾದರೂ ಎಡವಲಿ.

ಮೊಟಕು ಮಾಡಲೇಬೇಕೆಂದರೆ ಬೇರೆ ದರ್ಜಿಯನ್ನು ನೋಡಿಕೊಳ್ಳಿ. ಹೀಗೇ ಇರಲಿ ಎನ್ನುವುದಾದರೆ, ಶೂಟಿಂಗ್ ದಿನ ಹೊಸಿಲಿನ ಹತ್ತಿರ ನನಗೊಂದು ಕುರ್ಚಿ ಹಾಕಿಸಿ.

ಇಂತಿ,
ನಿಮ್ಮ ದರ್ಜಿ ಅಕ್ಕ