ಏಳು ತಿಂಗಳ ದೋಣಿ

ಮೇ ೧೪, ಬುಧವಾರ ಬೆಳಿಗ್ಗೆ

ಮುದ್ದಿನ ಕುಳ್ಳಿಗೆ,

ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ದಿನಾ ಉತ್ತರ ಬರೆಯಬೇಕು ಅಂದುಕೊಳ್ಳುವುದು, ದಿನಾ ಒಂದೊಂದು ನೆಪ. ಕೋಪ ಮಾಡಿಕೊಳ್ಳಬೇಡ. ನಿನ್ನ ಕೆಮ್ಮು ವಾಸಿಯಾಯಿತಾ? ಅಳಿಯಂದಿರಿಗೆ ಹೊಸ ಆಫೀಸು ಹಿಡಿಸಿತಾ? ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ನಿಮ್ಮಪ್ಪನ ಮೊಣಕೈ ಹತ್ತಿರ ಒಂದು ತರಚು ಗಾಯದ ಕಲೆ ಬಿಟ್ಟರೆ. ಅದು ಹೇಗಾಯಿತು ಅಂತ ಹೇಳೋಕೇ ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲಮ್ಮ ಅನ್ನುತ್ತೀಯ. ಫೋನ್ ಮಾಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು ನನ್ನ ಪ್ರತಿ ಮಾತಿಗೂ ತಿದ್ದುಪಡಿ ಹಾಕುತ್ತಾರೆ. ಕಾಗದದ ಮೇಲಾದರೆ ನಾನು ಬರೆದದ್ದೇ ಸರಿ.

ನಾವು ದೋಣಿ ತೆಗೆದುಕೊಂಡೆವು ಕಣೇ.

ನಗಬೇಡ. ಅವರು ಕೆಲಸ ಬಿಟ್ಟ ದಿನವೇ ಇದು ಶುರುವಾದದ್ದು. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ, "ಮೇಲೆ ಕೆಳಗೆ ಓಡಾಡಿದ್ದು ಸಾಕು, ಇನ್ನು ಅಡ್ಡಡ್ಡ ಓಡಾಡೋಣ" ಅಂದರು. ವರ್ಷಕ್ಕೆ ಏಳು ತಿಂಗಳು ಮೋಟಾರು ದೋಣಿಯಲ್ಲೇ ವಾಸ, ನದಿ ಹಿಡಿದು, ಕಾಲುವೆ ಹಿಡಿದು, ಮನಸ್ಸು ಬಂದ ಕಡೆ ಕಟ್ಟಿಹಾಕಿಕೊಂಡು. ಚಳಿ ಶುರುವಾದರೆ ಮನೆಗೆ. ನನಗೂ ಒಳಗೊಳಗೇ ಆಸೆ. ಪರದೆ ಹೊಲಿಯೋಕೆ ಅಂತ ಕಂಡವರ ಕಿಟಕಿಗಳ ಅಳತೆ ತೆಗೆದೇ ಆಯಸ್ಸು ಕಳೆದವಳು ನಾನು. ದಿನಕ್ಕೊಂದು ನೋಟ ಕಾಣಿಸುವ ಕಿಟಕಿ ಒಂದು ನನಗೂ ಇರಲಿ ಅನ್ನಿಸಿತು.

ಹೂಂ ಅಂದೆ, ಆದರೆ ಒಂದು ಷರತ್ತು ಹಾಕಿದೆ. ತೆಗೆದುಕೊಳ್ಳುವ ಮೊದಲು ಅದರಲ್ಲಿ ಅಡುಗೆ ಮಾಡಬೇಕು, ಸ್ನಾನ ಮಾಡಬೇಕು, ಮಲಗಬೇಕು, ಒಂದು ಜಗಳವನ್ನೂ ಆಡಿ ನೋಡಬೇಕು.

"ಜಗಳ ಯಾಕೆ?" ಅಂದರು.

"ಸಿಟ್ಟು ಬಂದಾಗ ಮುಖ ಊದಿಸಿಕೊಂಡು ಕೂರೋಕೆ ಜಾಗ ಇದೆಯಾ ನೋಡಬೇಡವಾ? ಮನೆಯಲ್ಲಾದರೆ ಹಿತ್ತಿಲಿದೆ. ನೀರಿನ ಮೇಲೆ ಎಲ್ಲಿಗೆ ಹೋಗಲಿ?"

ಮೊದಲು ನೋಡಿದ್ದು ಬೆಳ್ಳಗೆ ಫಳಫಳ ಹೊಳೆಯುವ ಹೊಸ ದೋಣಿ. ಎರಡು ಎಂಜಿನ್. ತೋರಿಸೋಕೆ ಬಂದ ದಲ್ಲಾಳಿ ಉಸಿರು ತೆಗೆದುಕೊಳ್ಳದೆ ಅದರ ವೇಗ ಹೊಗಳಿದ. "ನಮಗೆ ಎಲ್ಲಿಗೂ ತಡ ಆಗಿಲ್ಲಪ್ಪ" ಅಂದೆ. ಮಂಚ ದೋಣಿಯ ಮೂತಿಯ ಕಡೆ, ತ್ರಿಕೋನಾಕಾರ. ತಲೆ ಕಡೆ ಅಗಲ, ಕಾಲ ಕಡೆ ಚೂಪು. ನಾಲ್ಕು ಪಾದ ಒಂದೇ ಮೂಲೆಯಲ್ಲಿ ಗುದ್ದಾಡಬೇಕು. ಗೋಡೆ ಕಡೆ ಮಲಗಿದವರು ಬಚ್ಚಲಿಗೆ ಹೋಗಬೇಕಾದರೆ ಇನ್ನೊಬ್ಬರ ಹೊಟ್ಟೆ ತುಳಿದೇ ಹೋಗಬೇಕು. ನಾನೊಬ್ಬಳು ತಲೆಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಟ್ಯಾಂಕು ಅರ್ಧ ಖಾಲಿ. ನಿಮ್ಮಪ್ಪ ಮಧ್ಯಾಹ್ನದೊಳಗೆ ಮೂರು ಸಲ ತಲೆ ಚಚ್ಚಿಕೊಂಡು, "ಇದು ವಾರಕ್ಕೊಂದು ದಿನ ಮೆರೆಯೋರಿಗೆ, ಬಾಳುವೆ ಮಾಡೋರಿಗಲ್ಲ" ಅಂತ ತಾವೇ ಹೇಳಿದರು.

ಎರಡನೆಯದು ಎರಡಂತಸ್ತಿನದು. ಅದರ ಎಂಜಿನ್ ನೋಡಿ ಅವರು ಮಗು ಕಂಡ ಅಜ್ಜನ ಹಾಗೆ ಆಡಿದರು. ದಲ್ಲಾಳಿ ಧಾರಾಳವಾಗಿ ಮೂರು ದಿನ ಇಟ್ಟುಕೊಳ್ಳಿ ಅಂತ ಬೀಗದ ಕೈ ಕೊಟ್ಟ. ಚುಕ್ಕಾಣಿ ಇದ್ದದ್ದು ಮೇಲಿನ ಅಂತಸ್ತಿನಲ್ಲಿ, ಏಣಿ ಹತ್ತಿಯೇ ಹೋಗಬೇಕು. ಪಕ್ಕದಲ್ಲಿ ಮುಂದಕ್ಕೆ ಹೋಗುವ ದಾರಿ ಒಂದು ಪಾದದಷ್ಟು ಅಗಲ, ಹಿಡಿದುಕೊಳ್ಳೋಕೆ ಕಂಬಿಯೂ ಇಲ್ಲ. "ರೀ, ಇದು ಸರಿಯಿಲ್ಲ" ಅಂದೆ. "ಲಿಫ್ಟಿನ ಗುಂಡಿಯಲ್ಲಿ ತಂತಿ ಹಿಡಿದು ನೇತಾಡಿದವನು ನಾನು" ಅಂದರು. ನಾನು ಸುಮ್ಮನಾದೆ. ಲೈಫ್ ಜಾಕೆಟ್ ವಿಷಯದಲ್ಲಿ ಮಾತ್ರ ಹಠ ಹಿಡಿದು ಹಾಕಿಸಿದ್ದೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ದೋಣಿ ನಡೆಸುವ ತರಬೇತಿಗೆ ಅವರು ಹತ್ತು ದಿನ ಹೋಗಿ ಬಂದಿದ್ದರು. ನನ್ನನ್ನೂ ಕರೆದಿದ್ದರು. "ನೀವಿದ್ದೀರಲ್ಲ, ನನಗ್ಯಾಕೆ" ಅಂತ ಮನೆಯಲ್ಲೇ ಉಳಿದಿದ್ದೆ. ಹಾಗಾಗಿ ನಡೆಸುವುದೂ ಅವರೇ, ಹಗ್ಗ ಕಟ್ಟುವುದೂ ಅವರೇ.

ಎರಡನೇ ದಿನ, ಹನ್ನೊಂದು ಗಂಟೆಯ ಹೊತ್ತು. ದಡಕ್ಕೆ ಕಟ್ಟೋಣ ಅಂತ ವೇಗ ತಗ್ಗಿಸಿ, ದೋಣಿಯನ್ನು ಹಾಗೇ ನಿಧಾನಕ್ಕೆ ಹೋಗಲು ಬಿಟ್ಟು, ಅವರು ಏಣಿ ಇಳಿದು ಹಗ್ಗ ಹಿಡಿದು ಮುಂದಕ್ಕೆ ಓಡಿದರು. ನಾನು ಒಳಗೆ ತರಕಾರಿ ಹೆಚ್ಚುತ್ತಿದ್ದೆ. ಧೊಪ್ಪೆಂದು ಸದ್ದು. ಕಿಟಕಿಯಲ್ಲಿ ನಿಮ್ಮಪ್ಪನ ತಲೆ ನೀರಿನ ಮಟ್ಟದಲ್ಲಿ ಹಿಂದಕ್ಕೆ ಹೋಯಿತು.

"ನ್ಯೂಟ್ರಲ್! ನ್ಯೂಟ್ರಲ್ ಮಾಡೇ!" ಅಂತ ಕೂಗಿದರು.

ಏಣಿ ಹೇಗೆ ಹತ್ತಿದೆನೋ ಗೊತ್ತಿಲ್ಲ. ಅವರು ಸನ್ನೆಕೋಲು ಎಳೆಯುವುದನ್ನು ಎರಡು ದಿನ ಪಕ್ಕದಲ್ಲಿ ಕೂತು ನೋಡಿದ್ದೆ. ಕಣ್ಣು ಕಲಿತದ್ದು ಕೈಗೆ ಬಂತು. ನಡುವಿಗೆ ತಂದು ನಿಲ್ಲಿಸಿದೆ. ಹಿಂದೆ ನೀರಿನಡಿ ತಿರುಗುತ್ತಿದ್ದ ಎಂಜಿನ್ನಿನ ರೆಕ್ಕೆ ನಿಂತಿತು. ಆದರೆ ಎತ್ತರದ ದೋಣಿ ನೋಡು, ಗಾಳಿ ಅದನ್ನು ಅವರಿಂದ ದೂರ ತಳ್ಳತೊಡಗಿತು. ಅವರು ಈಜಿ ಹಿಂಬಾಲಿಸೋಕೆ ನೋಡಿದರು. ಎರಡು ಕೈ ಬೀಸುವಷ್ಟರಲ್ಲೇ ಏದುಸಿರು.

ಆಗ ನಾನು ಕೂಗಿದೆ. ಆ ದನಿ ನನ್ನದೇ ಅಂತ ನನಗೇ ನಂಬಿಕೆ ಬರಲಿಲ್ಲ. "ಈಜಬೇಡಿ! ಕೈಕಾಲು ಬಡೀಬೇಡಿ! ಅಲ್ಲೇ ತೇಲ್ತಾ ಇರಿ. ನಾನು ಬರ್ತೀನಿ. ನಾನು ಹೇಳೋ ತನಕ ಹತ್ತಿರ ಬರಬೇಡಿ!"

ಕೇಳಿದರು ಕಣೇ. ಒಂದೇ ಮಾತಿಗೆ ಸುಮ್ಮನೆ ಮಲಗಿದ ಹಾಗೆ ತೇಲಿದರು.

ದೋಣಿಯನ್ನು ಸ್ವಲ್ಪ ಮುಂದೆ ಬಿಟ್ಟು, ಸುತ್ತು ಹಾಕಿ, ಗಾಳಿ ಬರುವ ಕಡೆಯಿಂದ ಅವರತ್ತ ತಂದೆ. ಹತ್ತು ಮಾರು ದೂರದಲ್ಲಿ ಎಂಜಿನ್ ಪೂರ್ತಿ ಆರಿಸಿದೆ. ಈಗ ಅದೇ ಗಾಳಿ ನಮ್ಮನ್ನು ಅವರ ಹತ್ತಿರ ತಂದುಬಿಟ್ಟಿತು. ಹಗ್ಗ ಎಸೆದೆ, ಕಂಕುಳ ಕೆಳಗೆ ಸುತ್ತಿಕೊಳ್ಳಿ ಅಂದೆ, ಈ ಕೊನೆಯನ್ನು ದೋಣಿಯ ಗೂಟಕ್ಕೆ ಬಿಗಿದೆ. ಮೇಲೆ ಹತ್ತಿಸೋಕೆ ಆಗಲಿಲ್ಲ. ಹಿಂದಿನ ಏಣಿಯ ಕೊನೆಯ ಮೆಟ್ಟಿಲೇ ನೀರಿನಿಂದ ಒಂದು ಮೊಳ ಮೇಲಿತ್ತು. ಹತ್ತೋಕೆ ಹೋಗಿ ಮೊಣಕೈ ತರಚಿಕೊಂಡಿದ್ದು ಅಲ್ಲೇ. ಹಾರನ್ ಒತ್ತಿ ಹಿಡಿದೆ.

ತಿರುವಿನಿಂದ ಒಂದು ಗುಂಡಗಿನ ಹಸಿರು ದೋಣಿ ಪುಟುಪುಟು ಅಂತ ಬಂತು. ಚುಕ್ಕಾಣಿಯಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು. ಅದರ ಹಿಂಭಾಗ ನೀರಿನ ಮಟ್ಟಕ್ಕೇ ಇಳಿಯುವ ಅಗಲವಾದ ಜಗಲಿಯ ಹಾಗಿತ್ತು. ನಿಮ್ಮಪ್ಪ ಬಚ್ಚಲಿನಿಂದ ಹೊರಗೆ ಬರುವವರ ಹಾಗೆ ನಾಲ್ಕು ಮೆಟ್ಟಿಲು ಹತ್ತಿ ನಡೆದೇ ಬಂದರು.

"ಏನ್ರೀ, ದೋಣಿ ಎಷ್ಟು ಚೆನ್ನಾಗಿ ತಿರುಗಿಸಿದ್ರಿ! ಎಷ್ಟು ವರ್ಷದಿಂದ ನಡೆಸ್ತಿದ್ದೀರಿ?" ಅಂತ ಆಕೆ ನನ್ನನ್ನು ಕೇಳಿದರು.

"ಹತ್ತು ನಿಮಿಷದಿಂದ" ಅಂದೆ. ಅಂದವಳೇ ಕೂತಲ್ಲೇ ಅತ್ತುಬಿಟ್ಟೆ.

ಆಕೆ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹನ್ನೊಂದು ವರ್ಷದಿಂದ ಅದೇ ದೋಣಿಯಲ್ಲಿ ವಾಸ. ಇನ್ನು ತಮ್ಮನ ಮನೆಗೆ ಹೋಗಿ ಇರುತ್ತೇನೆ, ದೋಣಿಯನ್ನು ಯಾರಾದರೂ ಒಳ್ಳೆಯವರಿಗೆ ಒಪ್ಪಿಸಬೇಕು ಅಂತಿದ್ದರು. ನಿಮ್ಮಪ್ಪ ಟವೆಲ್ ಸುತ್ತಿಕೊಂಡು, ಮೈಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, "ಎಂಜಿನ್ ಎಲ್ಲಿದೆ?" ಅಂದರು. ಟೀಚರಮ್ಮ ನಡುಮನೆಯ ನೆಲಹಲಗೆ ಎತ್ತಿ ತೋರಿಸಿದರು. ಒಂದೇ ಎಂಜಿನ್, ಸುತ್ತಲೂ ಕೈ ಆಡಿಸೋಕೆ ಜಾಗ. ಅವರು ಮಂಡಿಯೂರಿ ಕೂತವರು ಏಳಲೇ ಇಲ್ಲ.

ನಾನು ನನ್ನ ರೀತಿಯಲ್ಲಿ ನೋಡಿದೆ. ಮಂಚದ ಎರಡೂ ಕಡೆಯಿಂದ ಇಳಿಯಬಹುದು. ಒಲೆಯ ಎದುರಿಗೇ ಕಿಟಕಿ. ಚುಕ್ಕಾಣಿ ಒಳಗೇ ಇದೆ, ಸುತ್ತ ಗಾಜು. ಕಪಾಟುಗಳ ಒಳಗೆ ಮೂಗಿಟ್ಟು ನೋಡಿದೆ, ಮುಗ್ಗಲು ವಾಸನೆ ಇಲ್ಲ. ಕೇಳಿಕೊಂಡು ಒಂದು ದಿಂಬಿನ ಹೊಲಿಗೆ ಬಿಚ್ಚಿ ಒಳಗೆ ಕೈಹಾಕಿದೆ. ಸ್ಪಂಜಿನಲ್ಲಿ ತೇವದ ಸುಳಿವೇ ಇಲ್ಲ. ಮೂತಿಯ ಕಡೆ ಒಬ್ಬರೇ ಕೂರುವಂಥ ಒಂದು ಬೆಂಚೂ ಇತ್ತು. "ಇದೇನು?" ಅಂದೆ. "ನಮ್ಮೆಜಮಾನರು ಇದ್ದಾಗ ಸಿಟ್ಟು ಬಂದವರು ಇಲ್ಲಿ ಕೂರ್ತಿದ್ವಿ" ಅಂದರು. ನಾನು ನಿಮ್ಮಪ್ಪನ ಮುಖ ನೋಡಿದೆ. ಅವರು ಎಂಜಿನ್ನಿನೊಳಗೆ ತಲೆ ತೂರಿಸಿದರು.

ಆಮೇಲೂ ಆತುರ ಪಡಲಿಲ್ಲ. ಒಂದು ವಾರ ಅದರಲ್ಲೇ ಇದ್ದು ನೋಡಿದೆವು. ದೋಣಿ ತಪಾಸಣೆಯವನನ್ನು ಕರೆಸಿ, ನೀರಿನಿಂದ ಮೇಲೆತ್ತಿಸಿ, ತಳವನ್ನೆಲ್ಲ ಸುತ್ತಿಗೆಯಿಂದ ತಟ್ಟಿಸಿದೆವು. ಒಂದು ಕಡೆ ತಗಡು ತೆಳುವಾಗಿದೆ ಅಂದ, ಅಲ್ಲಿಗೆ ತೇಪೆ ಹಾಕಿಸಿದ್ದಾಯಿತು. ವಾರದ ಕೊನೆಗೆ ನಿಮ್ಮಪ್ಪ ಟೀ ಕುಡಿಯುತ್ತಾ ಕೇಳಿದರು, "ನೀನು ಏನಂತೀಯ? ನೀನು ಬೇಡ ಅಂದರೆ ಬೇಡ." ನಲವತ್ತೆರಡು ವರ್ಷದ ಸಂಸಾರದಲ್ಲಿ ಹಾಗೆ ಕೇಳಿದ್ದು ಇದೇ ಮೊದಲು. ಇದೇ ಬೇಕು ಅಂದೆ.

ಪತ್ರ ತಡವಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಾನೂ ತರಬೇತಿಗೆ ಸೇರಿದೆ. ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ. ದೋಣಿಯನ್ನು ಹಿಮ್ಮುಖವಾಗಿ ದಡಕ್ಕೆ ತರುವುದರಲ್ಲಿ ಎರಡು ಸಲ ಎಡವಿದೆ. ಮೊನ್ನೆ ಸೋಮವಾರ ಪಾಸಾದೆ! ನಿಮ್ಮಪ್ಪ ಅಕ್ಕಪಕ್ಕದವರಿಗೆಲ್ಲ, ತಾವೇ ಪಾಸಾದ ಹಾಗೆ ಸಿಹಿ ಹಂಚಿ ಬಂದರು.

ಬರುವ ತಿಂಗಳು ಮೊದಲನೇ ವಾರ ಹೊರಡುತ್ತೇವೆ. ಕಿಟಕಿಗಳಿಗೆ ಹಳದಿ ಪರದೆ ಹೊಲಿದಿದ್ದೇನೆ. ಅಳಿಯಂದಿರಿಗೆ ಕೇಳಿದೆ ಅಂತ ಹೇಳು. ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು. ನೂರು ವರ್ಷ ಚೆನ್ನಾಗಿ ಬಾಳು, ನನ್ನ ಕಂದ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ನಿನಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನ ನೆನಪಿದೆಯಾ? ನಿಮ್ಮಪ್ಪ "ಅಷ್ಟು ದೂರ ಒಬ್ಬಳೇ ಬೇಡ" ಅಂದಾಗ ನೀನು ನನ್ನ ಕಡೆ ತಿರುಗಿ ನೋಡಿದೆ. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ, ತಲೆ ಎತ್ತಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನೀನು ಯಾವ ವಿಷಯಕ್ಕೂ "ಏನಮ್ಮಾ ಮಾಡಲಿ" ಅಂತ ನನ್ನನ್ನು ಕೇಳಿಲ್ಲ. ಹದಿನೇಳು ವರ್ಷವಾಯಿತು. ಮೊನ್ನೆ ಭಾನುವಾರ ಇದನ್ನು ನಿಮ್ಮಪ್ಪನ ಹತ್ತಿರ ಹೇಳಿದೆ. ಅವರು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. ಆಮೇಲೆ, "ನನಗೆ ಅವತ್ತು ಬರೀ ಭಯ ಕಣೇ. ನೀನು ಒಂದು ಮಾತು ಎದುರಾಡಿದ್ದರೆ ಕಳಿಸಿಬಿಡ್ತಿದ್ದೆ" ಅಂದರು. ಹಾಗಾದರೆ ತಡೆದವಳು ನಾನೂ ಹೌದು. ಕ್ಷಮಿಸು ಅಂತ ಕೇಳೋಕೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಬೈಯಬೇಕು ಅನ್ನಿಸಿದರೆ ಕಾಗದದಲ್ಲಿ ಬೇಡ, ಬಂದೇ ಬೈ. ಈ ಸಲ ತಲೆ ಎತ್ತಿಕೊಂಡೇ ಕೇಳಿಸಿಕೊಳ್ಳುತ್ತೇನೆ.